ಗೆರೆ ಎಳೆಯುವ ಪಾಠ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಊದಿದ ಕೆನ್ನೆ ಹಿಡಿದು ಕೂತಿದ್ದ ದರ್ಜಿಗೆ, ಪಕ್ಕದ ಬೆಂಚಿನ ಅತ್ತೆ-ಸೊಸೆಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅತ್ತೆ ನಿವೃತ್ತ ಇಂಗ್ಲಿಷ್ ಟೀಚರು. ಸೊಸೆಯ ತೊಡೆಯ ಮೇಲೆ ನೋಟ್‌ಬುಕ್ಕು, ಕೈಯಲ್ಲಿ ಪೆನ್ಸಿಲ್ಲು.

“ಬರ್ಕೊ. ‘ಐ ಟ್ರೈ ಟು ಸ್ಮೈಲ್.’ ಇನ್ಫಿನಿಟಿವ್ ಎಲ್ಲಿದೆ? ‘ಟು’ ಹುಡುಕಿ ಗೆರೆ ಎಳಿ.”

“ಟು ಸ್ಮೈಲ್, ಅತ್ತೆ.”

“ಜಾಣೆ. ‘ಐ ವಾಂಟ್ ಟು ಗೋ ಹೋಮ್.’ ಇದ್ರಲ್ಲಿ ಫ್ರೇಸ್ ಪೂರ್ತಿ ಬೇಕು.”

ಪೆನ್ಸಿಲ್ಲು ನಿಂತಿತು.

“ಅತ್ತೆ, ಇದು ನನ್ನ ಡೈರೀದು.”

“ಹೌದು. ಇಂಗ್ಲಿಷ್ ಸುಧಾರಿಸ್ಲಿ, ದಿನಾ ಬರಿ ಅಂದೋಳು ನಾನೇ ಅಲ್ವಾ?”

“ಓದಲ್ಲ ಅಂದಿದ್ರಿ.”

“ಟೀಚರ್ ಕಣೇ ನಾನು. ಬರೆದದ್ದನ್ನ ತಿದ್ದದೆ ಬಿಟ್ಟು ಗೊತ್ತಿಲ್ಲ. ಮನೆಗೆ ಹೋಗ್ಬೇಕಂತೆ! ನಮ್ದೇನು, ಛತ್ರಾನಾ? ಹೂಂ, ಎಳಿ ಗೆರೆ.”

“ಟು ಗೋ ಹೋಮ್.”

“‘ಐ ಆಮ್ ಅಫ್ರೇಡ್ ಟು ಈಟ್ ಇನ್ ಫ್ರಂಟ್ ಆಫ್ ಹರ್.’ ಯಾರಮ್ಮ ಅದು? ಯಾರೆದುರು ಉಣ್ಣೋಕೆ ಭಯ ನಿಂಗೆ?”

ಸೊಸೆ ತಲೆ ತಗ್ಗಿಸಿ ‘ಟು ಈಟ್’ ಕೆಳಗೆ ಗೆರೆ ಎಳೆದಳು. ದರ್ಜಿಗೆ ತನ್ನ ಹಲ್ಲುನೋವೇ ಮರೆತುಹೋಗಿತ್ತು.

ನರ್ಸು ಒಳಗಿಂದ ನಂಬರ್ ಕೂಗಿದಳು. ಅತ್ತೆ ಕನ್ನಡಕ ಮಡಚಿಟ್ಟು ಎದ್ದರು.

“ಅತ್ತೆ, ದಮ್ಮಯ್ಯ, ಆ ಡೈರಿ ಕೊಟ್ಬಿಡಿ.”

“ನನ್ನ ಹತ್ರ ಎಲ್ಲಿದೆ? ಬೆಳಿಗ್ಗೇನೇ ನಿನ್ನ ಗಂಡನ ಕೈಗೆ ಕೊಟ್ಟೆ. ಉಳಿದ ಪಾಠ ಅವನೇ ತಗೋತಾನಂತೆ. ಬಾ, ಬ್ಯಾಗ್ ಹಿಡ್ಕೊ.”

ಸೊಸೆ ಬ್ಯಾಗು ಹಿಡಿದು ಹಿಂದೆಯೇ ನಡೆದಳು.