ನೀರು ಕುಡಿದ ದೋಣಿ

ಈ ಸಭೆಯ ಅಧ್ಯಕ್ಷರೂ ನಮ್ಮ ಕನ್ನಡ ಸಂಘದ ಹಿರಿಯರೂ ಆದ ಹೆರಾಲ್ಡ್ ಅವರೇ, ನಮ್ಮ ಶಾಲೆಯ ಪ್ರಾಂಶುಪಾಲೆ ಜೊವಿಟಾ ಮೇಡಂ ಅವರೇ, ಮಸ್ಕತ್ತಿನ ಈ ಹಮ್ರಿಯಾದ ಅಂಗಡಿಗಳಿಗೆ ಬೇಗ ಬಾಗಿಲು ಹಾಕಿ ಬಂದ ಬಂಧುಗಳೇ, ಮುಂದಿನ ಸಾಲಿನಲ್ಲಿ ಕೂತು ಪಿಸುಗುಡುತ್ತಿರುವ ನನ್ನ ಒಂಬತ್ತನೇ ತರಗತಿಯ ಮಕ್ಕಳೇ, ಪ್ರೀತಿಯ ಸಭಿಕರೇ,

ಶಾಲು ಹೊದೆಸಿದಿರಿ, ಹಾರ ಹಾಕಿದಿರಿ. ಮಾನಪತ್ರದಲ್ಲಿ ಈ ಮರಗೆಲಸದ ಶಾಫಿ ಮಾಸ್ಟ್ರನ್ನು 'ದೋಣಿ ಕಟ್ಟುವ ಕಲೆಯಲ್ಲಿ ನಿಷ್ಣಾತ' ಎಂದು ಓದಿದಿರಿ. ಓದುವಾಗ ಈ ಮಕ್ಕಳು ಕಿಸಕ್ಕನೆ ನಕ್ಕರು. ಯಾಕೆ ನಕ್ಕರು? ನಾನೇ ಹೇಳಿಬಿಡುತ್ತೇನೆ.

ನನ್ನ ತಂದೆ, ನಮ್ಮ ಬಾಪ, ಮಂಗಳೂರಿನ ಬೆಂಗರೆಯಲ್ಲಿ ದೋಣಿ ಕಟ್ಟುತ್ತಿದ್ದರು. ನಕ್ಷೆ ಇಲ್ಲ, ಟೇಪು ಇಲ್ಲ. ಒಂದು ಕಣ್ಣು ಮುಚ್ಚಿ ಹಲಗೆಯ ಉದ್ದಕ್ಕೂ ನೋಡಿದರೆ ಮುಗಿಯಿತು. ದೋಣಿಗೆ ಬಳಿಯುವ ಮೀನೆಣ್ಣೆಯ ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಎಂಥ ದಿನಗಳು ಅವು! ಇಪ್ಪತ್ತನೇ ವಯಸ್ಸಿಗೆ ನಾನೊಬ್ಬನೇ ಒಂದು ದೋಣಿ ಕಟ್ಟಿದೆ. ನೀರಿಗೆ ಇಳಿಸಿದ್ದೇ ತಡ, ಸಂದಿ ಸಂದಿಯಲ್ಲೂ ನೀರು. ದಡದಲ್ಲಿದ್ದವರೆಲ್ಲ ನಕ್ಕರು. ಬಾಪ ಮಾತ್ರ, "ಇರಲಿ ಮೋನೇ, ಹೊಸ ಮರ, ಕುಡಿಯಲಿ" ಅಂದರು. ನಾನು ಕಾದೆನೇ? ಅದೇ ಸಂಜೆ ಬೊಂಬಾಯಿಯ ಬಸ್ಸು ಹತ್ತಿದೆ. ಅಲ್ಲಿಂದ ಮಸ್ಕತ್. ಆಮೇಲೆ ಬಾಪನ ಕಾಗದ ಬಂತು: 'ಮೂರನೇ ದಿನಕ್ಕೆ ನೀರು ನಿಂತಿತು. ನಿನ್ನ ದೋಣಿ ಮೀನಿಗೆ ಹೋಗುತ್ತಿದೆ. ಬಾ.' ನಾಲ್ಕು ವರ್ಷದ ನಂತರ ರಜೆಗೆ ಹೋದಾಗ ಅದನ್ನು ಮಲ್ಪೆಯವರಿಗೆ ಮಾರಿ ಆಗಿತ್ತು. ಅದರ ಬಗ್ಗೆ ನಾನು ಕೇಳಲೂ ಇಲ್ಲ.

ಈಗ ನಮ್ಮ ಶಾಲೆಗೆ ಬರೋಣ. ಈ ಮಕ್ಕಳು ಮೊದಲು ಮಾಡಿದ್ದು ಒಂದು ಸ್ಟೂಲು. ಅದರ ಮೇಲೆ ಮೇಡಂ ಕೂತರು, ಆಮೇಲೆ ದೋಣಿಗೆ ಅನುಮತಿ ಸಿಗಲು ಎರಡು ವರ್ಷ ಬೇಕಾಯಿತು! ಹನ್ನೊಂದು ಮಕ್ಕಳು, ಹದಿನಾಲ್ಕು ಅಡಿಯ ದೋಣಿ. ಹಲಗೆ ಬಗ್ಗಿಸಿದರು, ಸಂದಿಗೆ ಹತ್ತಿ ತುರುಕಿದರು, ಬೆರಳು ಜಜ್ಜಿಕೊಂಡರು. ಹೊಸ ದೋಣಿ ನೀರು ಕುಡಿದು ಉಬ್ಬಿದ ಮೇಲೆಯೇ ಸಂದಿ ಮುಚ್ಚುತ್ತದೆ ಎಂದು ನಾನೇ ಪಾಠ ಮಾಡಿದ್ದೆ. ಪಾಠ ಮಾಡುವವರು ಅದನ್ನು ನಂಬಲೇಬೇಕು ಎಂದು ಯಾವ ಸಿಲೆಬಸ್‌ನಲ್ಲಿದೆ, ಹೇಳಿ?

ಬರ್ಕಾದ ಕಡಲಿಗೆ ಇಳಿಸಿದೆವು. ಹೆತ್ತವರೆಲ್ಲ ಮೊಬೈಲು ಎತ್ತಿ ಹಿಡಿದಿದ್ದರು. ಹತ್ತೇ ನಿಮಿಷದಲ್ಲಿ ದೋಣಿಯೊಳಗೆ ಮೊಣಕಾಲು ಮಟ್ಟ ನೀರು. "ಖಲಾಸ್, ಮೇಲೆ ಎಳೆಯಿರಿ!" ಎಂದು ಕೂಗಿದವನು ಈ ನಿಷ್ಣಾತನೇ. ದೋಣಿಯ ಹಗ್ಗ ಹಿಡಿದಿದ್ದ ನನ್ನ ವಿದ್ಯಾರ್ಥಿನಿ ಶಹನಾ ಎಳೆಯಲಿಲ್ಲ. "ನೋ ಸರ್. ನೀವೇ ಹೇಳಿದ್ದಲ್ವಾ, ಲೆಟ್ ಇಟ್ ಡ್ರಿಂಕ್." ಉಳಿದ ಹತ್ತೂ ಮಕ್ಕಳು ಅವಳ ಹಿಂದೆ ನಿಂತರು. ಅಲ್ಲೇ ಆಳವಿಲ್ಲದ ಕಡೆ ಕಟ್ಟಿ ಬಂದೆವು.

ಮೂರನೇ ದಿನ ಬೆಳಿಗ್ಗೆ ಅವಳದೇ ಫೋನು. "ಸರ್, ನೀರೆಲ್ಲ ಎತ್ತಿ ಹಾಕಿ ಒಂದು ಗಂಟೆ ಕಾದ್ವಿ. ಒಂದು ಹನಿಯೂ ಬಂದಿಲ್ಲ!"

ಮೂರನೇ ದಿನ. ಕಾಗದದಲ್ಲಿ ಬಾಪ ಬರೆದಿದ್ದೂ ಮೂರನೇ ದಿನ ಎಂದೇ. ನಾನು ಅಲ್ ಖುವೈರ್ ರಸ್ತೆಯಲ್ಲಿ ಕಾರು ಬದಿಗೆ ಹಾಕಿ ಅತ್ತೆ. ಅರವತ್ತು ವರ್ಷದ ಮನುಷ್ಯ, ನಾಚಿಕೆ ಏನು ಬಂತು?

ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಆ ಕಾಗದಕ್ಕೆ ನಾನು ಉತ್ತರ ಬರೆದಿದ್ದೆ. ಒಂದೇ ಸಾಲು: 'ಸುಳ್ಳು ಹೇಳಿ ನನ್ನನ್ನು ಊರಿಗೆ ಕರೆಸಿಕೊಳ್ಳಬೇಡಿ.' ಬಾಪ ಅದರ ನಂತರ ಇಪ್ಪತ್ತಾರು ವರ್ಷ ಬದುಕಿದ್ದರು. ಪ್ರತಿ ರಜೆಯಲ್ಲೂ ಎದುರು ಕೂತು ಉಂಡೆವು. ಒಮ್ಮೆಯೂ ಅವರು ನನ್ನ ಹತ್ತಿರ ದೋಣಿಯ ಮಾತು ಎತ್ತಲಿಲ್ಲ.

ಸಂಘಕ್ಕೆ, ಮೇಡಂಗೆ, ಬರ್ಕಾದಲ್ಲಿ ಹಗ್ಗ ಕೊಟ್ಟ ಮೀನುಗಾರರಿಗೆ ನನ್ನ ಕೃತಜ್ಞತೆಗಳು. ಮಕ್ಕಳೇ, ಅವತ್ತು ನೀವು ನನ್ನ ಮಾತು ಕೇಳಲಿಲ್ಲ. ನಿಮಗೆ ಧನ್ಯವಾದ. ಎಲ್ಲರಿಗೂ ನಮಸ್ಕಾರ.