ಹೆಂಡತಿಯ ಹೆಸರಿನ ಶಾರ್ಕ್

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನ್ನನ್ನು ಹೊಗಳಿ ಹೊಗಳಿ ಗಂಟಲು ಒಣಗಿಸಿಕೊಂಡ ಅತಿಥಿಗಳೇ, ಊಟದ ಹೊತ್ತಾದರೂ ಎದ್ದು ಹೋಗದ ಸಭಿಕರೇ,

ನಾಳೆಯಿಂದ ನಾನು ನಿವೃತ್ತ. ಈ ವಸ್ತುಸಂಗ್ರಹಾಲಯದಲ್ಲಿ ಮೂವತ್ತೊಂದು ವರ್ಷ ನಾನು ಮಾಡಿದ್ದೇನು? ಹಲ್ಲು ನೋಡಿದ್ದು. ಶಾರ್ಕಿಗೆ ಗಟ್ಟಿ ಮೂಳೆಯಿಲ್ಲ. ಸತ್ತರೆ ಮೈಯೆಲ್ಲ ಕರಗಿ, ಹೆಚ್ಚಾಗಿ ಹಲ್ಲಷ್ಟೇ ಕಲ್ಲಾಗಿ ಉಳಿಯುತ್ತದೆ. ಅಂಗೈಯಗಲದ ಹಲ್ಲು ಹಿಡಿದು, ಅಂಚಿನ ಗರಗಸ ನೋಡಿ, ಬುಡದ ಆಕಾರ ನೋಡಿ, ಅಳಿದುಹೋದ ಯಾವ ದೈತ್ಯನದೆಂದು ಹೇಳಬೇಕು. ನಮ್ಮತ್ತೆಯವರು ಕೊನೆಯವರೆಗೂ ಅಳಿಯ ಹಲ್ಲಿನ ಡಾಕ್ಟರು ಎಂದೇ ನಂಬಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ನಾನು ಕಂಡುಹಿಡಿದ ಹೊಸ ಜಾತಿಯ ಶಾರ್ಕನ್ನು ಅತಿಥಿಗಳು ಈಗಷ್ಟೇ ಕೊಂಡಾಡಿದರಲ್ಲ? ಹೆಬ್ಬೆರಳುದ್ದದ ಹಲ್ಲು, ಬುಡದ ಎರಡೂ ಪಕ್ಕ ಒಂದೊಂದು ಪುಟ್ಟ ಮುಳ್ಳು. ಆಗಿನ್ನೂ ಹೊಸದಾಗಿ ಮದುವೆಯಾಗಿತ್ತು. ಹೆಂಡತಿಯ ಹೆಸರನ್ನೇ ಇಟ್ಟೆ. ಏನು ಜಂಬ ಅಂತೀರಿ!

ಆದರೆ ಸಭಿಕರೇ, ನಮ್ಮಲ್ಲಿ ಸಣ್ಣ ಹಲ್ಲಿಗೆ ಕೆಳಗಿನ ಕೋಣೆ, ದೊಡ್ಡದಕ್ಕೆ ಮೇಲಿನ ಕೋಣೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಬೇಕೆಂದು ನನಗೆ ಒಂದು ದಿನವಾದರೂ ಹೊಳೆಯಿತೇ? ಇಲ್ಲ. ಹೊಳೆದದ್ದು ನನ್ನ ಜಾಗಕ್ಕೆ ಬರುತ್ತಿರುವ ಈ ಸಹೋದ್ಯೋಗಿಗೆ. ಹೋದ ವರ್ಷ ಅವರು ಎಲ್ಲವನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿದರು. ಹಲ್ಲು ದೊಡ್ಡದಾದಂತೆ ಮುಳ್ಳು ಕುಗ್ಗುತ್ತಾ ಕುಗ್ಗುತ್ತಾ ಮಾಯ! “ಸರ್, ಇದು ಬೇರೆ ಜಾತಿ ಅಲ್ಲ ಅನ್ಸುತ್ತೆ. ಮೇಲಿನ ಕೋಣೆಯ ಆ ದೊಡ್ಡ ಶಾರ್ಕಿನದೇ ಮರಿ” ಎಂದರು. ಅದು ನಿಜವಾದರೆ ನಾನಿಟ್ಟ ಹೆಸರು ರದ್ದು.

ನಾನೇನು ಮಾಡಿದೆ? ಭೇಷ್ ಅಂದೆನೇ? ಅವರ ಲೇಖನ ನನ್ನ ಸಹಿಗೆ ಬಂದರೆ, ಏಳು ತಿಂಗಳು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಕೇಳಿದಾಗಲೆಲ್ಲ “ನೋಡ್ತಾ ಇದೀನಮ್ಮ” ಎಂದೆ. ಇದನ್ನು ಬರೆದುಕೊಂಡು ಬಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ನಾಚಿಕೆಯಾಗುತ್ತದೆ.

ಹೋದ ವಾರ ನನ್ನ ಮೇಜು ಖಾಲಿ ಮಾಡಲು ಜೊತೆಗೆ ಬಂದ ಹೆಂಡತಿ ಡ್ರಾಯರಿನಲ್ಲಿದ್ದ ಆ ಲೇಖನ ಓದಿಬಿಟ್ಟಳು. “ನಿಂಗೆ ಬೇಜಾರಾಗುತ್ತೆ ಅಂತ...” ಎಂದು ತೊದಲಿದೆ.

“ಅಲ್ಲಾ ರೀ, ಮೀನಿಗೆ ನನ್ನ ಹೆಸರಿಡುವಾಗ ನನ್ನ ಒಂದ್ ಮಾತು ಕೇಳಿದ್ರಾ? ಈಗ ತೆಗೆಯದೇ ಇರೋಕೆ ನನ್ನ ನೆಪ ಯಾಕೆ? ಪಾಪ, ಆ ಹುಡುಗಿ ಏನ್ ತಪ್ಪು ಮಾಡಿದ್ಲು? ಸುಮ್ನೆ ಸಹಿ ಹಾಕಿ.”

ಇವತ್ತು ಬೆಳಿಗ್ಗೆ ಹಾಕಿದೆ. ಮನಸ್ಸು ಹಗುರಾಗಿದೆ, ನಿಜವಾಗಿಯೂ ಸಂತೋಷವಾಗಿದೆ. ನನ್ನ ಪುಟ್ಟ ಹಲ್ಲುಗಳೆಲ್ಲ ಮೇಲಿನ ಕೋಣೆಗೆ, ತಮ್ಮ ದೊಡ್ಡವರ ಪಕ್ಕಕ್ಕೆ ಹೋದವು. ಸಹೋದ್ಯೋಗಿಯವರೇ, ಎಲ್ಲರ ಮುಂದೆ ನಿಮ್ಮ ಕ್ಷಮೆ ಕೇಳುತ್ತೇನೆ.

ಇನ್ನು ಆ ಹೆಸರಿನ ಶಾರ್ಕ್ ಇಲ್ಲ. ಆ ಹೆಸರಿನವರು ಮಾತ್ರ ಮೂರನೇ ಸಾಲಿನಲ್ಲಿ ಕೂತು, “ಸಾಕು, ಇಳೀರಿ” ಎಂದು ಕೈಸನ್ನೆ ಮಾಡುತ್ತಿದ್ದಾರೆ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದಿಸಿ, ಅವರ ಮಾತಿನಂತೆ ಇಳಿಯುತ್ತೇನೆ. ನಮಸ್ಕಾರ.