ಹನ್ನೊಂದು ಪೆನ್ಸಿಲ್ ಹಾಳೆ

...ಬಂದೆ ಫಾದರ್, ಅಲ್ಲಿಗೇ ಬರ್ತಿದೀನಿ! ಆ ಹನ್ನೊಂದು ಹಾಳೆ ವಿಷಯ ತಾನೆ? ಹೇಳ್ತೀನಿ. ಹೇಳೋಕೇ ಮೊಣಕಾಲೂರಿದ್ದು. ಆದ್ರೆ ಮೊದಲಿಂದ ಹೇಳಬೇಕು. ನಡುವಿಂದ ಹೇಳಿದ್ರೆ ನನ್ನ ತಪ್ಪು ತಪ್ಪಾಗೇ ಕಾಣುತ್ತೆ.

ಅಯ್ಯೋ, ಬೇಡ ಬೇಡ, ಬಾಯಿ ತೆಗೀಬೇಡಿ! ಹಲ್ಲಿನ ಡಾಕ್ಟರು ಏನಂದ್ರು? ದವಡೆಯೊಳಗೆ ಮೂರು ಹೊಲಿಗೆ, ಬಿಚ್ಚೋವರೆಗೆ ಮಾತಿಲ್ಲ. ನೀವು ಸುಮ್ನೆ ಕೂತ್ಕೊಳ್ಳಿ. ಹೌದು ಅನ್ನೋದಾದ್ರೆ ಒಂದು ಸಲ ಹಲಗೆ ತಟ್ಟಿ, ಇಲ್ಲ ಅನ್ನೋದಾದ್ರೆ ಎರಡು ಸಲ. ಆಗಬಹುದಾ? ...ಎರಡು ಸಲ ತಟ್ಟಿದ್ರಲ್ಲ! ಈ ಏರ್ಪಾಡೇ ಬೇಡ ಅಂತಾನಾ? ಸರಿ ಬಿಡಿ.

ನಿಮ್ಮ ಚೀಟಿ ನೋಡಿದೆ. "ನೂರು ಹಾಳೆ ನೀಲಿ ಪೆನ್ನು. ಹನ್ನೊಂದು ಹಾಳೆ ಪೆನ್ಸಿಲ್ಲು, ಹೆಸರೂ ಇಲ್ಲ. ನಮ್ಮ ಸಭೆಯಲ್ಲಿರೋದೇ ನೂರು ಮನೆ. ಈ ಹನ್ನೊಂದು ಎಲ್ಲಿಂದ ಬಂತು? ಆಫೀಸಿಗೆ ಬಾ." ಆಫೀಸಿಗೇ ಬರಬಹುದಿತ್ತು. ನಿಮ್ಮ ತೋಳು ಹಿಡಿದು ಎಳ್ಕೊಂಡು ಬಂದು ಈ ಪಾಪನಿವೇದನೆ ಪೆಟ್ಟಿಗೆಯಲ್ಲಿ ಕೂರಿಸಿದ್ದು ಯಾಕೆ ಗೊತ್ತಾ? ಇಲ್ಲಿ ಹೇಳಿದ್ದು ನಿಮ್ಮ ಹೊಟ್ಟೆ ಬಿಟ್ಟು ಆಚೆ ಬರೋ ಹಾಗಿಲ್ಲವಂತೆ. ಬಿಷಪ್ಪರೇ ಬಂದು ಕೇಳಿದ್ರೂ ಇಲ್ಲವಂತೆ! ಟೀಚರಮ್ಮ ಹೇಳಿದ್ರು. ಆಹಾ, ಹಿರಿಯರು ಎಂಥ ಕಾನೂನು ಮಾಡಿಟ್ಟಿದ್ದಾರೆ!

ಅಂದ ಹಾಗೆ, ನಾನು ಬಂದ ತಕ್ಷಣ ಶಿಲುಬೆ ಗುರುತು ಹಾಕಿದೆನಲ್ಲ, ಆಗ ನೀವ್ಯಾಕೆ ಹಾಗೆ ಕತ್ತು ಓರೆ ಮಾಡಿ ನೋಡಿದ್ರಿ? ...ಹೋಗ್ಲಿ ಬಿಡಿ. ಹಲ್ಲು ನೋವಿರಬೇಕು.

ಮೊದಲಿಂದ ಹೇಳ್ತೀನಿ. ನಾನು ಬೋರ್ಡ್ ಬರೆಯೋನು. ಐದನೇ ಕ್ಲಾಸಿಗೇ ಶಾಲೆಗೆ ಕೈಮುಗಿದೆ, ಅಲ್ಲಿಂದ ಈಚೆಗೆ ಕಾಲಿಗೆ ಚಕ್ರ. ಲಾರಿ ತೊಳೆದೆ, ಸರ್ಕಸ್ಸಿನ ಡೇರೆ ಕಟ್ಟಿದೆ, ದೋಣಿಗೆ ಬಣ್ಣ ಬಳಿದೆ. ಒಂದೇ ಸೂರಿನ ಕೆಳಗೆ ಎರಡು ಮಳೆಗಾಲ ಕಂಡವನಲ್ಲ. ಇಲ್ಲಿಗೆ ಬಂದದ್ದೂ ಈ ಚರ್ಚಿನ ಬಾಗಿಲ ಮೇಲೆ ಹೆಸರು ಬರೆದು ಹೋಗೋಕೆ. ಆಗ ಗಂಟೆ ಹೊಡೆಯೋ ಮುದುಕಪ್ಪನ ಭುಜ ಜಾರಿತು. "ನಾಲ್ಕು ದಿನ ಹಗ್ಗ ಎಳಿ" ಅಂದ್ರಿ. ನಾಲ್ಕು ದಿನ ಹೋಗಿ ನಾಲ್ಕು ತಿಂಗಳಾಯ್ತು. ಆ ಗೋಪುರದ ಕೆಳಗಿನ ಕೋಣೆ ಇದೆಯಲ್ಲ ಫಾದರ್, ಒಂದು ಕಿಟಕಿ, ಒಂದು ಮೊಳೆ, ಮೊಳೆಗೆ ನನ್ನ ಅಂಗಿ. ನನ್ನ ಅಂಗಿಗೆ ಅಂತ ಒಂದು ಮೊಳೆ ಇದ್ದದ್ದು ಇದೇ ಮೊದಲು.

ನೀವೇ ತಾನೆ ಹೇಳಿದ್ದು? "ಬಿಷಪ್ಪರು ಕೇಳಿದ್ದಾರೆ. ನಮ್ಮ ಜನ ಧರ್ಮಸಭೆ ಹೇಳಿದ್ದನ್ನ ಎಷ್ಟು ಪಾಲಿಸ್ತಾರೆ ಅಂತ ಅಳೀಬೇಕು. ನಲವತ್ತು ಪ್ರಶ್ನೆ ಇದೆ. ನಿನ್ನ ಅಕ್ಷರ ದುಂಡಗಿದೆ, ಮನೆಮನೆಗೆ ಹೋಗಿ ತುಂಬಿಸ್ಕೊಂಡು ಬಾ. ಚೆನ್ನಾಗಿ ಮಾಡಿದ್ರೆ ಕೋಣೆ ನಿಂದೇ." ಆ ಕೊನೇ ಮಾತು ಕೇಳಿದ್ದೇ ತಡ, ಹೊರಟೆ ನೋಡಿ!

ಭಾನುವಾರದ ಪೂಜೆಗೆ ಬರ್ತೀರಾ? ತಪ್ಪದೇ! ನೂರು ಮನೆಯೂ ತಪ್ಪದೇ! ಮನೆಗೆ ಐದು ತಲೆ ಅಂದ್ರೂ ಐನೂರು ಜನ. ನಮ್ಮ ಬೆಂಚು ಹಿಡಿಯೋದು ನೂರೈವತ್ತು. ಉಳಿದವರೆಲ್ಲ ಎಲ್ಲಿ ಕೂರ್ತಾರೆ ಫಾದರ್, ಜಂತಿಗೆ ಬಾವಲಿ ಥರ ನೇತಾಡ್ತಾರಾ? ...ನಗಬೇಡಿ, ಹೊಲಿಗೆ ಬಿಚ್ಚುತ್ತೆ!

ಬೇಕರಿಯವನ ಮನೆಗೆ ಶುಕ್ರವಾರ ಹೋದೆ. "ಶುಕ್ರವಾರ ಮಾಂಸ ಮುಟ್ತೀರಾ?" ಅಂದೆ. ಎರಡೂ ಕೆನ್ನೆ ಬಡ್ಕೊಂಡ. "ಛೇ ಛೇ, ಮುಟ್ಟೋದಿರಲಿ, ವಾಸನೆ ಬಂದ್ರೆ ಮೂಗು ಮುಚ್ಕೋತೀವಿ!" ಒಳಗೆ ಬಾಣಲೆ ಚುಂಯ್ ಅಂತಿದೆ. ಹೆಂಡತಿ ಅಲ್ಲಿಂದಲೇ ಕೂಗಿದ್ಲು, "ರೀ, ಉಪ್ಪು ಸಾಕಾ ನೋಡಿ ಬನ್ನಿ!" ನಾನು ಅವನ ಮುಖ ನೋಡ್ದೆ. "ಅದು ಬೆಕ್ಕಿಗೆ" ಅಂದ. ಬೆಕ್ಕಿಗೆ ಯಾರಾದ್ರೂ ಉಪ್ಪು ನೋಡಿ ಹಾಕ್ತಾರಾ? ಆದ್ರೂ ಬರ್ಕೊಂಡೆ, ನೀಲಿ ಪೆನ್ನಲ್ಲಿ, ದುಂಡಗೆ: ಮುಟ್ಟುವುದಿಲ್ಲ.

ದರ್ಜಿಯಣ್ಣ ದಿನಾ ಜಪಸರ ಹೇಳ್ತಾನಂತೆ. ತೋರಿಸು ಅಂದೆ. ಗೋಡೆಯಿಂದ ಜಪಸರ ಎಳೆದ, ಜೊತೆಗೆ ಜೇಡರಬಲೆಯೂ ಬಂತು, ಬಲೆ ಜೊತೆಗೆ ಜೇಡವೂ ಬಂತು. ಪಾಪ, ಇಡೀ ಮನೆಯಲ್ಲಿ ದಿನಾ ಜಪಸರ ಹಿಡಿದು ಕೂತಿದ್ದು ಅದೊಂದೇ. ಮೂವತ್ತೊಂದನೇ ಪ್ರಶ್ನೆ... ಅದೇ, ಮಕ್ಕಳು ಆಗದ ಹಾಗೆ ಏನಾದ್ರೂ ಮಾಡ್ಕೋತೀರಾ ಅನ್ನೋದು... ಗಂಡ ಹೆಂಡತಿ ಒಟ್ಟಿಗೇ ಬಾಯಿ ತೆಗೆದ್ರು. ಅವನು "ಇಲ್ಲ" ಅಂದ, ಅವಳು "ಹೌದು" ಅಂದ್ಲು. ನಾನು ಸದ್ದಿಲ್ಲದೆ ಮೂವತ್ತೆರಡಕ್ಕೆ ಹೋದೆ.

ಟೀಚರಮ್ಮ? ಅವರು ಪ್ರಶ್ನೆಪತ್ರಿಕೆ ಎರಡು ದಿನ ಮುಂಚೆ ಕೊಡು, ಓದ್ಕೋಬೇಕು ಅಂದ್ರು! ಓದ್ಕೊಂಡು ನಲವತ್ತಕ್ಕೆ ನಲವತ್ತು ತೆಗೆದ್ರು. ಆಮೇಲೆ ಬಾಗಿಲವರೆಗೂ ಬಂದು ಕಿವಿಯಲ್ಲಿ, "ಪಕ್ಕದ ಮನೆಯವಳಿಗೆ ಎಷ್ಟು ಬಂತೋ?"

ಒಟ್ಟು ಹಾಕಿದೆ. ನೂರಕ್ಕೆ ತೊಂಬತ್ತೇಳು. ಇಷ್ಟೊಂದು ಪುಣ್ಯವಂತರಿದ್ರೆ ನಿಮಗೇನು ಕೆಲಸ ಫಾದರ್? ಬಿಷಪ್ಪರು ನಿಮ್ಮನ್ನ ಬೇರೆ ಊರಿಗೆ ಹಾಕ್ತಾರೆ, ಬೇರೆ ಫಾದರ್ ಬರ್ತಾರೆ, ನನ್ನ ಮೊಳೆ ಹೋಗುತ್ತೆ. ಅದಕ್ಕೇ... ಒಂದು ಹೊಸ ಉಪಾಯ ಮಾಡಿದೆ. ಮುಖ ನೋಡಿ ಕೇಳಿದ್ರೆ ಜನ ಸುಳ್ಳು ಹೇಳ್ತಾರೆ. ಮುಖ ನೋಡದೆ ಕೇಳಿದ್ರೆ... ಹೂಂ... ನಿಜ ಹೇಳ್ತಾರೆ. ಹಾಗೆ ಕೇಳಿ ಬರ್ಕೊಂಡ ಹಾಳೆ ಅವು. ಅಷ್ಟೇ. ಮುಗೀತು. ನಾನಿನ್ನು ಏಳ್ಲಾ?

...

ಎಲ್ಲಿ ಕೇಳಿದೆ ಅಂತಾನಾ? ಒಂದು... ತಂಪಾದ ಜಾಗದಲ್ಲಿ.

ಪೆನ್ಸಿಲ್ ಯಾಕೆ ಅಂದ್ರೆ, ಪೆನ್ನಿನ ಶಾಯಿ ಮುಗಿದಿತ್ತು. ಸಾಲು ಸೊಟ್ಟ ಯಾಕೆ ಅಂದ್ರೆ, ಬೆಳಕು ಕಮ್ಮಿ. ಬೆಳಕು ಯಾಕೆ ಕಮ್ಮಿ ಅಂದ್ರೆ...

ಹೀಗೆ ಸುಮ್ನಿರಬೇಡಿ ಫಾದರ್! ಬೈದ್ರೆ ತಡ್ಕೋತೀನಿ, ಇದನ್ನ ತಡ್ಕೊಳ್ಳೋಕಾಗಲ್ಲ.

ಶನಿವಾರ. ನೀವು ಹಲ್ಲು ಕೀಳಿಸೋಕೆ ಹೋಗಿದ್ರಿ. ಹೊರಗೆ ಸುಡೋ ಬಿಸಿಲು. ಒಟ್ಟು ಹಾಕೋಕೆ ಒಂದು ತಣ್ಣನೆ ಜಾಗ ಬೇಕಿತ್ತು. ಈ ಪೆಟ್ಟಿಗೆಗೆ ಮೂರು ಬಾಗಿಲಲ್ವಾ, ಮಧ್ಯದ್ದು ತೆಗೆದೆ. ಆಹಾ, ಮೆತ್ತೆ ಹಾಕಿದ ಕುರ್ಚಿ! ಒರಗೋಕೆ ಹಲಗೆ, ತಲೆ ಮೇಲೆ ಪುಟ್ಟ ಬಲ್ಬು. ಸ್ವಿಚ್ ಒತ್ತಿ ಕೂತೆ. ಒಳಗಿನ ಬಲ್ಬು ಹತ್ತಿದ್ರೆ, ಫಾದರ್ ಇದ್ದಾರೆ ಬನ್ನಿ ಅಂತ ಹೊರಗಿನ ಹಸಿರು ಬಲ್ಬೂ ಹತ್ತುತ್ತೆ ಅಂತ ನನಗೇನು ಗೊತ್ತು! ನಾಲ್ಕು ಗಂಟೆ ಆಗಿರಬೇಕು. ಪಕ್ಕದ ಜಾಲರಿಯಾಚೆ ಯಾರೋ ಧೊಪ್ ಅಂತ ಮೊಣಕಾಲೂರಿದ್ರು. "ಫಾದರ್, ನಾನು ಪಾಪ ಮಾಡಿದ್ದೇನೆ" ಅಂದ್ರು.

"ನಾನಲ್ಲ" ಅನ್ನಬೇಕಿತ್ತು. ಅನ್ನೋಷ್ಟರಲ್ಲಿ ಅವರು ಅರ್ಧ ಹೇಳಿಬಿಟ್ಟಿದ್ರು! ಅರ್ಧ ಕೇಳಿದ ಮೇಲೆ ನಾನಲ್ಲ ಅನ್ನೋದು ಹೇಗೆ? ಅದಕ್ಕೆ "ಹೂಂ" ಅಂದೆ. ನಿಮಗೆ ಹಲ್ಲು ನೋವು ಅಂತ ಎಲ್ಲರಿಗೂ ಗೊತ್ತಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಅವರು ಹೇಳಿ ಮುಗಿಸಿ ಕಾಯ್ತಾ ಕೂತ್ರು. ನಾನೂ ಕಾಯ್ತಾ ಕೂತೆ. ತೊಡೆ ಮೇಲೆ ಪ್ರಶ್ನೆಯ ಹಾಳೆ ಇತ್ತು. ಗಂಟಲು ಗೊಗ್ಗರು ಮಾಡ್ಕೊಂಡು ಇಪ್ಪತ್ತೆರಡನೇ ಪ್ರಶ್ನೆ ಕೇಳಿದೆ: "ಶುಕ್ರವಾರ?"

ನಿಜ ಹೇಳಿದ್ರು ಫಾದರ್. ಗಳಗಳ ಅಂತ ಹೇಳಿದ್ರು. ಅವರು ಎದ್ದರು, ಇನ್ನೊಬ್ಬರು ಬಂದರು. ಯಾರು ಯಾರು ಅಂತ ಕೇಳಬೇಡಿ, ಕುತ್ತಿಗೆ ಕುಯ್ದರೂ ಹೇಳಲ್ಲ. ಅದಕ್ಕೇ ಹಾಳೆ ಮೇಲೆ ಹೆಸರಿಲ್ಲ. ಬೆಕ್ಕಿನ ವಿಷಯವೂ ಬಂತು ಅಂತ ಮಾತ್ರ ಹೇಳ್ತೀನಿ, ಅದಕ್ಕಿಂತ ಹೆಚ್ಚಿಗೆ ಒಂದಕ್ಷರ ಬಾಯಿಬಿಡಲ್ಲ. ಒಂದು ಹಾಳೆಯ ಅಂಚಲ್ಲಿ "ಬಿಕ್ಕಿ ಅತ್ತರು" ಅಂತ ಬರೆದಿದೀನಿ ನೋಡಿ, ಅದು ಯಾವ ಪ್ರಶ್ನೆಗೂ ಉತ್ತರ ಅಲ್ಲ. ಬರೀಬೇಕು ಅನ್ನಿಸ್ತು.

"ಪ್ರಾಯಶ್ಚಿತ್ತ ಏನು ಫಾದರ್?" ಅಂತ ಎಲ್ಲರೂ ಕೇಳೋರು. ನನಗೇನು ಗೊತ್ತು? "ಅಂಗಳದ ಗಿಡಕ್ಕೆ ಎರಡು ಕೊಡ ನೀರು ಹಾಕಿ" ಅಂದೆ. ...ಹೌದು, ಗಿಡ ಕೊಳೆತದ್ದು ಅದಕ್ಕೇ! ಬೆಳಿಗ್ಗೆ ನೀವು ಆ ಕೆಸರು ತೋರಿಸಿದಾಗ ಮಳೆ ಬಂದಿರಬೇಕು ಅನ್ನೋ ಹಾಗೆ ನಾನು ಆಕಾಶ ನೋಡಿದೆನಲ್ಲ, ಅದೂ ಸುಳ್ಳೇ. ಹತ್ತು ಜನ, ತಲೆಗೆ ಎರಡು ಕೊಡ. ಒಬ್ಬರಂತೂ ಆರು ಕೊಡ ಹಾಕಿದ್ರು. ಏನು ನೆನಪಾಯ್ತೋ ಏನೋ.

ಈಗ ಎಲ್ಲಾ ಹೇಳಿದೆ. ಹೊಟ್ಟೆ ಹಗುರಾಯ್ತು. ಹತ್ತು ಜನ, ಅಷ್ಟೇ, ದೇವರಾಣೆ. ಇನ್ನು ನೀವು ಒಂದು ಸಲ ಹಲಗೆ ತಟ್ಟಿದ್ರೆ...

ಇದೇನು, ಜಾಲರಿ ಕೆಳಗಿಂದ ತೂರಿಸ್ತಿದೀರಾ? ಒಂದು ಹಾಳೆ. ಪೆನ್ಸಿಲ್ ಹಾಳೆ.

ಹತ್ತು ಜನ ಅಂದೆ. ಹಾಳೆ ಹನ್ನೊಂದು.

...

ಎಣಿಸೋಕೆ ಹಲ್ಲು ಬೇಡ ಅಲ್ವಾ ಫಾದರ್.

ಹೂಂ. ನನ್ನದೇ. ಎಲ್ಲರೂ ಹೋದ ಮೇಲೆ ಒಂದು ಖಾಲಿ ಹಾಳೆ ಉಳಿದಿತ್ತು. ನನ್ನನ್ನ ಯಾರೂ ಕೇಳಿರಲಿಲ್ಲವಲ್ಲ, ನಾನೇ ಕೇಳ್ಕೊಂಡೆ. ಪೂಜೆಗೆ ಬರ್ತೀಯಾ? ದಿನಾ, ಹಗ್ಗ ನನ್ನ ಕೈಯಲ್ಲೇ ಇದೆ. ಶುಕ್ರವಾರ ಮಾಂಸ? ಇಲ್ಲ, ಯಾರೂ ಕರೆದಿಲ್ಲ. ಪ್ರಾರ್ಥನೆ? ಬರಲ್ಲ, ಆದ್ರೆ ಕೂತಿರ್ತೀನಿ. ನಲವತ್ತನೇದು, ಧರ್ಮಸಭೆ ಅಂದ್ರೆ ನಿನಗೇನು? ಹಗ್ಗ ಎಳೆದರೆ ಯಾರಾದರೂ ಬರ್ತಾರೆ ಅನ್ನೋದು. ನೋಡಿದ್ರಾ, ಮೂವತ್ತೊಂಬತ್ತಕ್ಕೂ ಉತ್ತರ ಇದೆ!

ಬೆರಳು ತೆಗೀರಿ ಫಾದರ್. ಆ ಸಾಲಿನ ಮೇಲಿಂದ ಬೆರಳು ತೆಗೀರಿ.

ಮೊದಲನೇ ಪ್ರಶ್ನೆ. "ಜ್ಞಾನಸ್ನಾನ ಆದ ದಿನ." ಖಾಲಿ.

...

ಮರೆತದ್ದಲ್ಲ. ಬರೆಯೋಕೆ ಏನೂ ಇಲ್ಲ. ನನಗೆ ಆಗಿಲ್ಲ ಫಾದರ್, ತಲೆಗೆ ಯಾರೂ ಆ ನೀರು ಹಾಕಿಲ್ಲ. ನಾನು ನಿಮ್ಮವನೇ ಅಲ್ಲ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಮಧ್ಯದ ಬಾಗಿಲು ನಿಮ್ಮದು ಅಂತ ಇಲ್ಲಿ ಮೂರು ವರ್ಷದ ಮಗುವಿಗೂ ಗೊತ್ತಂತೆ, ನನಗೆ ಗೊತ್ತಿರಲಿಲ್ಲ. ಶಿಲುಬೆ ಗುರುತು ನಿಮ್ಮ ಎದುರಿಗೆ ನಿಂತು ನಿಮ್ಮನ್ನೇ ನೋಡಿ ಕಲಿತೆ. ಕನ್ನಡಿ ನೋಡಿ ಕಲಿತ ಹಾಗಾಯ್ತು, ಎಡಭುಜ ಬಲಭುಜ ಅದಲು ಬದಲು. ನಾಲ್ಕು ತಿಂಗಳಿಂದ ದಿನಾ ಉಲ್ಟಾ ಹಾಕ್ತಿದೀನಿ. ನೀವು ಮೊದಲ ದಿನವೇ ನೋಡಿರ್ತೀರಿ. ಅಲ್ವಾ? ನೋಡಿಯೂ ಸುಮ್ನಿದ್ರಾ? ಆಗ ಹಲ್ಲು ಸರಿಯಾಗೇ ಇತ್ತಲ್ಲ!

ತಡೀರಿ ತಡೀರಿ. ನಾನು ಇಲ್ಲಿಯವನೇ ಅಲ್ಲ ಅಂದ್ಮೇಲೆ ಇದು ಪಾಪನಿವೇದನೆಯೂ ಅಲ್ಲ ಅಂತಾಯ್ತು. ಬರೀ ಮಾತುಕತೆ. ಅಂದ್ರೆ ನೀವಿದನ್ನ ಬಿಷಪ್ಪರಿಗೂ ಹೇಳಬಹುದು, ಬೇಕರಿಯವನಿಗೂ ಹೇಳಬಹುದು! ಅಯ್ಯೋ ನನ್ನ ಬುದ್ಧಿಗಿಷ್ಟು! ನಿಮ್ಮ ತೋಳು ಹಿಡಿದು ಎಳ್ಕೊಂಡು ಬಂದು, ಮೆತ್ತೆ ಮೇಲೆ ಕೂರಿಸಿ, ನನ್ನ ಕೋಣೆಗೆ ನಾನೇ ಬೀಗ ಜಡಿದೆನಲ್ಲ!

ಏನಾದ್ರೂ ಅನ್ನಿ. ಒಂದು ಹೂಂ ಸಾಕು. ನಾನು ಹತ್ತು ಜನಕ್ಕೆ ಕೊಟ್ಟಿದೀನಿ, ನನಗೆ ಒಂದು ಕೊಡೋಕಾಗಲ್ವಾ?

...

ಅದೇನು ತೋರಿಸ್ತಿದೀರಾ? ಕಾಣ್ತಿಲ್ಲ, ಜಾಲರಿ ಹತ್ತಿರ ಹಿಡೀರಿ. ಕೈಗಡಿಯಾರ. ಆರಕ್ಕೆ ಎರಡು ನಿಮಿಷ ಇದೆ. ಅಂದ್ರೆ? ನಿನ್ನ ಹೊತ್ತು ಮುಗೀತು, ಗಂಟು ಕಟ್ಟು ಅಂತಾನಾ? ಇಲ್ಲಾ, ಆರರ ಗಂಟೆ ಹೊಡಿ ಅಂತಾನಾ?

ಸರಿ.

ನಾನು ಹೊಡಿ ಅಂತಲೇ ತಿಳ್ಕೋತೀನಿ. ಬೈಯೋದಿದ್ರೆ ಹೊಲಿಗೆ ಬಿಚ್ಚಿದ ಮೇಲೆ ಬೈರಿ, ನಾನೆಲ್ಲೂ ಹೋಗಲ್ಲ. ಈಗ ಬಿಡಿ ಫಾದರ್, ನನಗೆ ಹೇಳಿದ್ದು ಲೆಕ್ಕಕ್ಕಿಲ್ಲ, ಆ ಹತ್ತು ಜನ ಮತ್ತೆ ಬರಬೇಕಲ್ಲ, ನಿಮ್ಮ ಹತ್ರ. ಗಟ್ಟಿಯಾಗಿ ಎಳೀಬೇಕು.